ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಕಲಿಯುವುದು ಹೇಗೆ? ಪೆಂಟಾಕ್ಸ್ ಕೆ1000 ಹಿಡಿದು ಮೊದಲ ರೋಲ್

ಫಿಲ್ಮ್ ಕ್ಯಾಮೆರಾದ ಹಿಂದೆ ಸ್ಕ್ರೀನ್ ಇರುವುದಿಲ್ಲ. ತೆಗೆದ ಫೋಟೋ ಕಪ್ಪಾಯಿತೋ, ಬೆಳ್ಳಗಾಯಿತೋ ಅನ್ನುವುದು ರೋಲ್ ಮುಗಿದು, ಡೆವಲಪ್ ಆಗಿ ಬಂದ ಮೇಲೇ ಗೊತ್ತಾಗುವುದು. ಹಾಗಾಗಿ ಬಟನ್ ಒತ್ತುವ ಮೊದಲೇ ಬೆಳಕು ಎಷ್ಟಿದೆ ಅಂತ ನಿರ್ಧರಿಸಬೇಕು. ಎಕ್ಸ್‌ಪೋಷರ್, ಅಂದರೆ ಫಿಲ್ಮ್‌ಗೆ ಎಷ್ಟು ಬೆಳಕು ಬಿಡಬೇಕು ಅನ್ನುವ ಲೆಕ್ಕ, ಚೆನ್ನಾಗಿ ಕಲಿಯಬೇಕು ಅನ್ನುವವರಿಗೆ ಹಳೇ ಕ್ಯಾಮೆರಾವನ್ನೇ ಕೊಡಿ ಅಂತ ನಾನು ಹೇಳುವುದು ಇದಕ್ಕೇ. ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಮೊದಲು ಕಣ್ಣಿನಿಂದ ಅಂದಾಜು ಮಾಡಿ, ಆಮೇಲೆ ಮೀಟರ್ (ಕ್ಯಾಮೆರಾದೊಳಗಿನ ಬೆಳಕಿನ ಮಾಪಕ) ನೋಡಿ, ಕೊನೆಗೆ ನೆಗೆಟಿವ್ (ಡೆವಲಪ್ ಆಗಿ ಬಂದ ಫಿಲ್ಮ್) ಹಿಡಿದು ಪರೀಕ್ಷೆ ಮಾಡಿ.

ಉದಾಹರಣೆಗೆ ಪೆಂಟಾಕ್ಸ್ ಕೆ1000 ಇಟ್ಟುಕೊಳ್ಳೋಣ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಇದು. ಅಮೆರಿಕದಲ್ಲಿ ಫೋಟೋಗ್ರಫಿ ಕಲಿಯುವ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಇದನ್ನೇ ಕೊಳ್ಳಲು ಹೇಳುತ್ತಿದ್ದರು. ಆಟೋ ಮೋಡ್ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ. ಶಟರ್, ಅಂದರೆ ಫಿಲ್ಮ್ ಮುಂದೆ ತೆರೆದು ಮುಚ್ಚುವ ಪರದೆ, ಪೂರ್ತಿ ಸ್ಪ್ರಿಂಗ್ ಮೇಲೆ ನಡೆಯುತ್ತದೆ, ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ನಿಮ್ಮ ಹತ್ತಿರ ನಿಕಾನ್ ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3, ಝೆನಿಟ್ ಅಥವಾ ಇನ್ಯಾವುದೋ ಮ್ಯಾನುಯಲ್ ಕ್ಯಾಮೆರಾ ಇದ್ದರೂ ಲೆಕ್ಕ ಇದೇ. ಮೀಟರ್ ತೋರಿಸುವ ರೀತಿ ಮಾತ್ರ ಬೇರೆ: ಕೆಲವದರಲ್ಲಿ ಮುಳ್ಳು, ಕೆಲವದರಲ್ಲಿ ಪುಟ್ಟ ದೀಪಗಳು.

ಹೆಜ್ಜೆ 1: ಫಿಲ್ಮ್ ಹಾಕುವ ಮೊದಲು ಕ್ಯಾಮೆರಾ ಪರೀಕ್ಷಿಸಿ

ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕ್ಯಾಮೆರಾಗೆ ನೇರ ಫಿಲ್ಮ್ ಹಾಕಬೇಡಿ. ರೋಲ್ ಈಗ ಅಗ್ಗವಲ್ಲ, ಡೆವಲಪ್ ಮಾಡಿಸುವುದೂ ಅಗ್ಗವಲ್ಲ.

ಖಾಲಿ ಕ್ಯಾಮೆರಾದ ಹಿಂಬಾಗಿಲು ತೆಗೆಯಿರಿ. ಲೆನ್ಸ್‌ನ ಅಪರ್ಚರ್ (ಬೆಳಕು ಒಳಗೆ ಬರುವ ತೂತು) ಪೂರ್ತಿ ತೆರೆದು, ಕ್ಯಾಮೆರಾವನ್ನು ಕಿಟಕಿಯ ಕಡೆ ಹಿಡಿದು, ಹಿಂದಿನಿಂದ ನೋಡುತ್ತಾ ಶಟರ್ ಒತ್ತಿ. ಮೊದಲು 1 ಸೆಕೆಂಡ್. ಮನಸ್ಸಿನಲ್ಲಿ ಎಣಿಸಿ, ಸರಿಸುಮಾರು ಒಂದು ಸೆಕೆಂಡ್ ತೆರೆದಿರಬೇಕು. ಆಮೇಲೆ 1/2, 1/4, 1/8 ಅಂತ ಇಳಿಯುತ್ತಾ ಹೋಗಿ. ಪ್ರತಿ ಸಲ ಸದ್ದು ಚಿಕ್ಕದಾಗಬೇಕು. 1/1000ದಲ್ಲಿ ಒಂದು ಮಿಂಚಿನಷ್ಟು ಬೆಳಕು ಇಡೀ ಚೌಕಟ್ಟಿನಲ್ಲಿ ಕಾಣಬೇಕು. ಅರ್ಧ ಭಾಗ ಕಪ್ಪಾಗಿಯೇ ಉಳಿದರೆ ಶಟರ್ ಪರದೆ ಸರಿಯಾಗಿ ಓಡುತ್ತಿಲ್ಲ ಅಂತ ಅರ್ಥ. ರಿಪೇರಿ ಆಗುವವರೆಗೆ ಆ ಸ್ಪೀಡ್ ಬಳಸಬೇಡಿ.

ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ. ಬೆರಳಿಗೆ ಅಂಟಂಟಾಗಿ ಮೆತ್ತಿಕೊಂಡರೆ ಬದಲಿಸಬೇಕು, ಇಲ್ಲದಿದ್ದರೆ ಬೆಳಕು ಸೋರಿ ಫಿಲ್ಮ್ ಮೇಲೆ ಗೆರೆ ಬೀಳುತ್ತದೆ. ಲೆನ್ಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿದ್ದ ಲೆನ್ಸ್‌ಗಳಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಸ್ವಲ್ಪ ಇದ್ದರೆ ಫೋಟೋಗೆ ಅಂಥ ತೊಂದರೆಯಿಲ್ಲ, ಆದರೆ ತೇವ ಇಲ್ಲದ ಕಡೆ ಇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಒಳ್ಳೆಯದು.

ಬ್ಯಾಟರಿ: ಕೆ1000ಗೆ ಒಂದು ಎಲ್‌ಆರ್44 ಸಾಕು, ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಇದರ ಮೀಟರಿಗೆ ಆನ್-ಆಫ್ ಸ್ವಿಚ್ ಇಲ್ಲ. ಲೆನ್ಸ್ ಮೇಲೆ ಬೆಳಕು ಬೀಳುವಷ್ಟು ಹೊತ್ತೂ ಅದು ಬ್ಯಾಟರಿ ತಿನ್ನುತ್ತದೆ, ಹಾಗಾಗಿ ಕೆಲಸ ಮುಗಿದ ತಕ್ಷಣ ಕ್ಯಾಪ್ ಹಾಕಿ. ಇನ್ನೂ ಹಳೆಯ ಕ್ಯಾಮೆರಾಗಳಲ್ಲಿ 1.35 ವೋಲ್ಟಿನ ಪಾದರಸದ ಬ್ಯಾಟರಿ ಇರುತ್ತಿತ್ತು. ಈಗ ಅದು ಮಾರಾಟದಲ್ಲಿಲ್ಲ. ಅದರ ಜಾಗಕ್ಕೆ 1.5 ವೋಲ್ಟಿನದು ಹಾಕಿದರೆ ಅಂಥ ಅನೇಕ ಕ್ಯಾಮೆರಾಗಳ ಮೀಟರ್ ತಪ್ಪು ತೋರಿಸುತ್ತದೆ. ಶ್ರವಣ ಯಂತ್ರಕ್ಕೆ ಹಾಕುವ ಝಿಂಕ್-ಏರ್ ಬ್ಯಾಟರಿಯ ವೋಲ್ಟೇಜ್ ಪಾದರಸದ್ದಕ್ಕೆ ಹತ್ತಿರ ಇರುವುದರಿಂದ ಹಲವರು ಅದನ್ನೇ ಬಳಸುತ್ತಾರೆ.

ಹೆಜ್ಜೆ 2: ಫಿಲ್ಮ್ ಆರಿಸಿ, ಎಎಸ್‌ಎ ಡೈಯಲ್ ಹೊಂದಿಸಿ

ಕಲಿಯಲು ನೆಗೆಟಿವ್ ಫಿಲ್ಮ್ ತೆಗೆದುಕೊಳ್ಳಿ. ಬಣ್ಣದ್ದು ಬೇಕಿದ್ದರೆ ಕೊಡಾಕ್ ಗೋಲ್ಡ್ 200, ಕಪ್ಪು-ಬಿಳುಪು ಬೇಕಿದ್ದರೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ 400. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಫೋಟೋವೇ ಮೂಡುವ ಫಿಲ್ಮ್) ಸದ್ಯಕ್ಕೆ ಬೇಡ. ಅದರಲ್ಲಿ ಬೆಳಕು ಒಂದು ಸ್ಟಾಪ್ (ಅಂದರೆ ದುಪ್ಪಟ್ಟು ಅಥವಾ ಅರ್ಧ) ಹೆಚ್ಚುಕಡಿಮೆಯಾದರೂ ಫೋಟೋ ಕೆಡುತ್ತದೆ.

ಮನೆಯಲ್ಲಿ ಹಳೇ ರೋಲ್ ಸಿಕ್ಕಿರಬಹುದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಚೆನ್ನಾಗಿ ಓಡುತ್ತಿತ್ತು. ಅಂಥದ್ದು ಸಿಕ್ಕರೆ ನೆನಪಿಗೆ ಎತ್ತಿಡಿ, ಕಲಿಯಲು ಬಳಸಬೇಡಿ. ಅವಧಿ ಮೀರಿದ ಫಿಲ್ಮ್‌ನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಇಳಿದಿರುತ್ತದೆ. ತಪ್ಪು ನಿಮ್ಮದೋ ಫಿಲ್ಮ್‌ದೋ ಅಂತ ಗೊತ್ತಾಗುವುದೇ ಇಲ್ಲ.

ಐಎಸ್‌ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಅಳತೆ. 400ರ ಫಿಲ್ಮ್‌ಗೆ 200ರದಕ್ಕಿಂತ ಅರ್ಧ ಬೆಳಕು ಸಾಕು. ಹಳೇ ಕ್ಯಾಮೆರಾದಲ್ಲಿ ಎಎಸ್‌ಎ ಅಂತ ಬರೆದಿರುತ್ತದೆ, ಸಂಖ್ಯೆ ಅದೇ. ಕೆ1000ದಲ್ಲಿ ಶಟರ್ ಡೈಯಲ್‌ನ ಹೊರಗಿನ ಉಂಗುರವನ್ನು ಮೇಲಕ್ಕೆಳೆದು ತಿರುಗಿಸಿದರೆ ಪುಟ್ಟ ಕಿಂಡಿಯಲ್ಲಿ ಸಂಖ್ಯೆ ಬದಲಾಗುತ್ತದೆ. ರೋಲ್ ಡಬ್ಬಿಯ ಮೇಲಿರುವ ಕೋಡನ್ನು ಈ ಕ್ಯಾಮೆರಾ ತಾನಾಗಿ ಓದುವುದಿಲ್ಲ. ನೀವೇ ಹೊಂದಿಸಬೇಕು. ಒಮ್ಮೆ ಹೊಂದಿಸಿದ ಮೇಲೆ ರೋಲ್ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ.

ಫಿಲ್ಮ್ ಹಾಕುವುದು ಸುಲಭ. ರಿವೈಂಡ್ ಗುಬ್ಬಿಯನ್ನು ಪೂರ್ತಿ ಮೇಲೆಳೆದರೆ ಬಾಗಿಲು ತೆರೆಯುತ್ತದೆ. ರೋಲ್ ಎಡಗಡೆ ಕೂರಿಸಿ, ತುದಿಯನ್ನು ಬಲಗಡೆಯ ಸುರುಳಿಗೆ ಸಿಕ್ಕಿಸಿ, ಹಲ್ಲುಗಳು ಫಿಲ್ಮ್‌ನ ತೂತುಗಳಲ್ಲಿ ಕೂತವಾ ನೋಡಿ ಬಾಗಿಲು ಮುಚ್ಚಿ. ಕೌಂಟರ್ 1ಕ್ಕೆ ಬರುವವರೆಗೆ ಲಿವರ್ ಎಳೆದು ಕ್ಲಿಕ್ ಮಾಡಿ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಬ್ಬಿಯೂ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ. ಈ ಒಂದು ವಿಷಯ ನೋಡದೆ ಖಾಲಿ ರೋಲ್ ಲ್ಯಾಬಿಗೆ ಕೊಟ್ಟವರು ಬಹಳ ಮಂದಿ.

ಹೆಜ್ಜೆ 3: ಸ್ಟಾಪ್ ಅನ್ನುವ ಲೆಕ್ಕ ಬಾಯಿಪಾಠವಾಗಲಿ

ಇಡೀ ಎಕ್ಸ್‌ಪೋಷರ್ ವಿದ್ಯೆ ನಿಂತಿರುವುದು ಒಂದೇ ಲೆಕ್ಕದ ಮೇಲೆ: ದುಪ್ಪಟ್ಟು ಅಥವಾ ಅರ್ಧ. ಬೆಳಕು ದುಪ್ಪಟ್ಟಾದರೆ ಒಂದು ಸ್ಟಾಪ್ ಜಾಸ್ತಿ, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ.

ಶಟರ್ ಡೈಯಲ್ ಮೇಲೆ 1, 2, 4, 8, 15, 30, 60, 125, 250, 500, 1000 ಅಂತ ಇರುತ್ತದೆ. ಅವು ಸೆಕೆಂಡಿನ ಭಾಗಗಳು. 125 ಅಂದರೆ 1/125 ಸೆಕೆಂಡ್. ಒಂದರಿಂದ ಮುಂದಿನದಕ್ಕೆ ಹೋದರೆ ಸಮಯ ಅರ್ಧ, ಅಂದರೆ ಒಂದು ಸ್ಟಾಪ್.

ಲೆನ್ಸ್ ಉಂಗುರದ ಮೇಲೆ 2, 2.8, 4, 5.6, 8, 11, 16, 22 ಇರುತ್ತದೆ. ಇಲ್ಲೂ ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧವಾಗುತ್ತದೆ. ಸಂಖ್ಯೆ ಮಾತ್ರ ದುಪ್ಪಟ್ಟಾಗುವುದಿಲ್ಲ, ಯಾಕೆ? ಈ ಸಂಖ್ಯೆ ಬರುವುದು ಲೆನ್ಸ್‌ನ ಫೋಕಲ್ ಲೆಂಗ್ತನ್ನು (ಲೆನ್ಸ್ ಮೇಲೆ 50 ಎಂಎಂ ಅಂತೆಲ್ಲ ಬರೆದಿರುವ ಅಳತೆ) ತೂತಿನ ವ್ಯಾಸದಿಂದ ಭಾಗಿಸಿದಾಗ. 50 ಎಂಎಂ ಲೆನ್ಸ್‌ನಲ್ಲಿ ಎಫ್/2 ಅಂದರೆ ತೂತು 25 ಎಂಎಂ ಅಗಲ. ಬೆಳಕು ಅರ್ಧವಾಗಬೇಕಾದರೆ ತೂತಿನ ವಿಸ್ತೀರ್ಣ ಅರ್ಧವಾಗಬೇಕು. ಅದಕ್ಕೆ ವ್ಯಾಸವನ್ನು ಸುಮಾರು 1.4ರಿಂದ ಭಾಗಿಸಿದರೆ ಸಾಕು. ಹಾಗಾಗಿ ಸಂಖ್ಯೆಗಳು 1.4 ಪಟ್ಟಿನಂತೆ ಏರುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. ಇದು ಶುರುವಿನಲ್ಲಿ ಎಲ್ಲರಿಗೂ ತಲೆಕೆಳಗು ಅನ್ನಿಸುತ್ತದೆ, ಬೇಗ ರೂಢಿಯಾಗುತ್ತದೆ.

ಈಗ ಮುಖ್ಯವಾದ ಮಾತು. 1/125, ಎಫ್/8 ಸರಿ ಇದ್ದರೆ 1/250, ಎಫ್/5.6 ಕೂಡ ಸರಿ. 1/60, ಎಫ್/11 ಕೂಡ ಸರಿ. ಒಂದು ಕಡೆ ಅರ್ಧ ಮಾಡಿ ಇನ್ನೊಂದು ಕಡೆ ದುಪ್ಪಟ್ಟು ಮಾಡಿದ್ದೀರಿ, ಫಿಲ್ಮ್‌ಗೆ ಬಿದ್ದ ಬೆಳಕು ಅಷ್ಟೇ ಅಲ್ವಾ? ಯಾವ ಜೋಡಿ ಬೇಕು ಅನ್ನುವುದು ಫೋಟೋ ಹೇಗಿರಬೇಕು ಅನ್ನುವುದರ ಮೇಲೆ. ಓಡುವ ಮಗು ಸ್ಪಷ್ಟವಾಗಿ ಬೇಕಾದರೆ 1/500. ಮುಖದ ಹಿಂದಿನ ಗಿಡ ಮಸುಕಾಗಬೇಕಾದರೆ ಎಫ್/2. ಮುಂದಿನ ಮೆಟ್ಟಿಲಿಂದ ಹಿಂದಿನ ಗೋಪುರದವರೆಗೆ ಎಲ್ಲವೂ ಸ್ಪಷ್ಟ ಇರಬೇಕಾದರೆ ಎಫ್/11 ಅಥವಾ ಎಫ್/16. ಕೈಯಲ್ಲಿ ಹಿಡಿದು ತೆಗೆಯುವಾಗ 50 ಎಂಎಂ ಲೆನ್ಸ್‌ಗೆ 1/60ಕ್ಕಿಂತ ನಿಧಾನಕ್ಕೆ ಇಳಿದರೆ ಅಲುಗಾಡುತ್ತದೆ. ನನ್ನನ್ನು ಕೇಳಿದರೆ 1/125 ಇನ್ನೂ ಕ್ಷೇಮ.

ಕ್ಯಾಮೆರಾ ಕೈಯಲ್ಲಿ ಹಿಡಿದು, ಫಿಲ್ಮ್ ಇಲ್ಲದಾಗ, ಡೈಯಲ್ ಒಂದು ಕ್ಲಿಕ್ ಉಂಗುರ ಒಂದು ಕ್ಲಿಕ್ ಅಂತ ಎದುರು ಬದುರು ತಿರುಗಿಸುತ್ತಾ ಕೂರಿ. ಬೆರಳಿಗೆ ರೂಢಿಯಾದರೆ ತಲೆಗೆ ಕೆಲಸ ಕಡಿಮೆ.

ಹೆಜ್ಜೆ 4: ಮೀಟರ್ ಮುಚ್ಚಿ, ಬೆಳಕು ಓದಿ

ಇದಕ್ಕೆ ಹಳೆಯ ಒಂದು ಸೂತ್ರ ಇದೆ, ಸನ್ನಿ 16. ನೆರಳು ಚೂಪಾಗಿ ಬೀಳುವಂಥ ಬಿಸಿಲಿದ್ದರೆ ಎಫ್/16 ಇಡಿ, ಶಟರ್ ಸ್ಪೀಡನ್ನು ಫಿಲ್ಮ್‌ನ ಐಎಸ್‌ಒ ಸಂಖ್ಯೆಗೆ ಹತ್ತಿರದ್ದಕ್ಕೆ ಇಡಿ. 200ರ ಫಿಲ್ಮ್‌ಗೆ 1/250, 400ರ ಫಿಲ್ಮ್‌ಗೆ 1/500. ಮಿಕ್ಕಿದ್ದನ್ನು ನೆರಳು ನೋಡಿ ತೀರ್ಮಾನಿಸಬೇಕು:

ಚೂಪು ನೆರಳು, ಪೂರ್ತಿ ಬಿಸಿಲು: ಎಫ್/16
ನೆರಳಿನ ಅಂಚು ಮೆತ್ತಗಾಗಿದೆ, ತೆಳು ಮೋಡ: ಎಫ್/11
ನೆರಳು ಕಂಡೂ ಕಾಣದಂತಿದೆ: ಎಫ್/8
ನೆರಳೇ ಇಲ್ಲ, ದಟ್ಟ ಮೋಡ: ಎಫ್/5.6
ಬಿಸಿಲಿನ ದಿನ, ಆದರೆ ನೀವಿರುವುದು ಕಟ್ಟಡದ ನೆರಳಿನಲ್ಲಿ: ಎಫ್/4

ಆಕಾಶ ನೋಡಿ ಹೇಳಬೇಡಿ, ನೆಲದ ಮೇಲಿನ ನೆರಳು ನೋಡಿ ಹೇಳಿ. ನಮ್ಮ ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಒಳಗೂ ಹೊರಗೂ ಬೆಳಕು ಒಂದೇ ಥರ ಇದೆ ಅನ್ನಿಸಿಬಿಡುತ್ತದೆ. ನೆರಳು ಹಾಗೆ ಮೋಸ ಮಾಡುವುದಿಲ್ಲ. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಸೂರ್ಯ ಇಳಿದಂತೆ ಬೆಳಕು ಬಹಳ ಬೇಗ ಬೀಳುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ದಟ್ಟ ಮರಗಳ ಕೆಳಗೆ ನಿಂತರೆ ಎಫ್/5.6 ಕೂಡ ಸಾಲುವುದಿಲ್ಲ. ಇನ್ನೂ ಎರಡು ಮೂರು ಸ್ಟಾಪ್ ಬೇಕಾಗುತ್ತದೆ. ಅಲ್ಲಿಗೆ ಹೋಗುವುದಾದರೆ 400ರ ಫಿಲ್ಮ್ ಹಾಕಿಕೊಂಡೇ ಹೋಗಿ.

ಕೆಲವು ದಿನ ಸುಮ್ನೆ ಅಭ್ಯಾಸ ಮಾಡಿ. ಬಸ್‌ಸ್ಟಾಪಿನಲ್ಲಿ ನಿಂತಾಗ, ಅಂಗಡಿ ಮುಂದೆ ನಿಂತಾಗ, ‘200ರ ಫಿಲ್ಮ್ ಇದ್ದರೆ ಇಲ್ಲಿ 1/250, ಎಫ್/8’ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಕ್ಯಾಮೆರಾ ಜೊತೆಗಿದ್ದರೆ ಆಮೇಲೆ ಮೀಟರ್ ನೋಡಿ. ಒಂದು ಸ್ಟಾಪ್ ಒಳಗೆ ಬಂದರೆ ನಿಮ್ಮ ಕಣ್ಣು ಸರಿಯಾಗಿ ಪಳಗುತ್ತಿದೆ. ಇದರಿಂದ ಇನ್ನೊಂದು ಲಾಭವೂ ಇದೆ. ಚೂಪು ಬಿಸಿಲಿನಲ್ಲಿ ಮೀಟರ್ ನಿಮ್ಮ ಅಂದಾಜಿಗಿಂತ ಯಾವಾಗಲೂ ಎರಡು ಸ್ಟಾಪ್ ಆಚೆ ಈಚೆ ತೋರಿಸುತ್ತಿದ್ದರೆ, ಕೆಟ್ಟಿರುವುದು ಮೀಟರೇ ಇರಬೇಕು.

ಹೆಜ್ಜೆ 5: ಮೀಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕೆ1000ದ ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿ) ಬಲಗಡೆ ಒಂದು ಮುಳ್ಳು ಕಾಣುತ್ತದೆ. ಅಪರ್ಚರ್ ಅಥವಾ ಶಟರ್ ತಿರುಗಿಸಿದರೆ ಅದು ಮೇಲೆ ಕೆಳಗೆ ಆಡುತ್ತದೆ. ಮಧ್ಯದಲ್ಲಿ ನಿಂತರೆ ಮೀಟರಿನ ಲೆಕ್ಕದಲ್ಲಿ ಸರಿ. ಮೇಲೆ ಹೋದರೆ ಬೆಳಕು ಜಾಸ್ತಿ, ಕೆಳಗೆ ಇಳಿದರೆ ಕಡಿಮೆ. ಕತ್ತಲಲ್ಲಿ ಸ್ವಲ್ಪ ತಾಳ್ಮೆ ಬೇಕು. ಇದರ ಒಳಗಿರುವ ಕ್ಯಾಡ್ಮಿಯಂ ಸಲ್ಫೈಡ್ ಸೆಲ್‌ಗಳು ಬಿಸಿಲು ಕಂಡ ಮೇಲೆ ಮಬ್ಬು ಬೆಳಕಿಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತವೆ.

ಈ ಮೀಟರಿಗೆ ಎದುರಿಗಿರುವುದು ಏನು ಅಂತ ಗೊತ್ತಿಲ್ಲ. ಚೌಕಟ್ಟಿನ ಒಟ್ಟು ಬೆಳಕಿನ ಸರಾಸರಿ ತೆಗೆದು, ಅದನ್ನು ಮಧ್ಯಮ ಬೂದು ಬಣ್ಣ ಮಾಡಲು ಎಷ್ಟು ಬೇಕೋ ಅಷ್ಟು ಹೇಳುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುವ ಬೂದು ಅದು. ಹುಲ್ಲು, ಹಳೇ ಡಾಂಬರು ರಸ್ತೆ ಅದಕ್ಕೆ ಹತ್ತಿರ. ಅಂಥವು ಎದುರಿಗಿದ್ದರೆ ಮೀಟರ್ ಹೇಳಿದ್ದು ಸರಿ. ಸುಣ್ಣ ಬಳಿದ ಗೋಡೆ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ, ಅಂದರೆ ಬೆಳಕು ಕಡಿಮೆ ಬೀಳುತ್ತದೆ. ಕಪ್ಪು ಎಮ್ಮೆ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ, ಅಂದರೆ ಬೆಳಕು ಜಾಸ್ತಿ ಬೀಳುತ್ತದೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನ ಇದನ್ನು ಕಲಿಯಲು ಹೇಳಿ ಮಾಡಿಸಿದ ಜಾಗ. ಮದನಿಕೆಯರು ನಿಂತಿರುವುದು ಚಾವಣಿಯ ಅಂಚಿನ ಕೆಳಗೆ, ನೆರಳಿನಲ್ಲಿ. ಕಲ್ಲು ಮೊದಲೇ ಗಾಢ ಬಣ್ಣದ್ದು. ನೀವು ಕೆಳಗಿನಿಂದ ಕ್ಯಾಮೆರಾ ಎತ್ತಿದ ತಕ್ಷಣ ಚೌಕಟ್ಟಿಗೆ ಬೆಳ್ಳನೆಯ ಆಕಾಶ ಬರುತ್ತದೆ. ಮೀಟರ್ ಆಕಾಶಕ್ಕೆ ಹೆದರಿ ಬೆಳಕು ಕಡಿಮೆ ಮಾಡು ಅನ್ನುತ್ತದೆ. ಹಾಗೇ ತೆಗೆದರೆ ಮದನಿಕೆಯ ಜಾಗದಲ್ಲಿ ಕಪ್ಪು ಆಕಾರ ಮಾತ್ರ ಉಳಿಯುತ್ತದೆ, ಆ ಕೆತ್ತನೆಯ ಒಂದು ಗೆರೆಯೂ ಕಾಣುವುದಿಲ್ಲ. ಅಲ್ಲಿ ಹೀಗೆ ಮಾಡಿ: ಅದೇ ಥರದ ನೆರಳಿನಲ್ಲಿರುವ ಗೋಡೆಯ ಭಾಗಕ್ಕೆ ಹತ್ತಿರ ಹೋಗಿ, ಆಕಾಶ ಒಂದಿಷ್ಟೂ ಬಾರದಂತೆ ಚೌಕಟ್ಟು ತುಂಬಿಸಿ ಮುಳ್ಳನ್ನು ಮಧ್ಯಕ್ಕೆ ತನ್ನಿ. ಕಲ್ಲು ಗಾಢವಾಗಿರುವುದರಿಂದ ಒಂದು ಸ್ಟಾಪ್ ಕಡಿಮೆ ಮಾಡಿ. ಈಗ ಹಿಂದೆ ಬಂದು ಮದನಿಕೆಯ ಕಡೆ ಎತ್ತಿದಾಗ ಮುಳ್ಳು ಮೇಲಕ್ಕೆ ಹಾರುತ್ತದೆ. ಹಾರಲಿ ಬಿಡಿ. ಆಕಾಶ ಬೆಳ್ಳಗಾಗುತ್ತದೆ, ಶಿಲ್ಪ ಉಳಿಯುತ್ತದೆ.

ಕಿಟಕಿಗೆ ಬೆನ್ನು ಮಾಡಿ ಕೂತ ಅಜ್ಜಿಯ ಫೋಟೋಗೂ ಇದೇ ಉಪಾಯ. ಮುಖದ ಹತ್ತಿರ ಹೋಗಿ ಅಳೆದು, ಹಿಂದೆ ಬಂದು ತೆಗೆಯಿರಿ. ಹತ್ತಿರ ಹೋಗಲು ಆಗದಿದ್ದರೆ ನಿಮ್ಮ ಅಂಗೈಯನ್ನು ಅದೇ ಬೆಳಕಿಗೆ ಹಿಡಿದು ಅಳೆಯಿರಿ. ಅಂಗೈ ಸಾಮಾನ್ಯವಾಗಿ ಮಧ್ಯಮ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ, ಹಾಗಾಗಿ ಅದು ತೋರಿಸಿದ್ದಕ್ಕೆ ಒಂದು ಸ್ಟಾಪ್ ಬೆಳಕು ಸೇರಿಸಿ.

ಬಿಳಿಯೇ ತುಂಬಿದ ದೃಶ್ಯಕ್ಕೆ ಒಂದರಿಂದ ಎರಡು ಸ್ಟಾಪ್ ಸೇರಿಸಿ, ಕಪ್ಪೇ ತುಂಬಿದ್ದಕ್ಕೆ ಒಂದರಿಂದ ಎರಡು ಕಳೆಯಿರಿ. ನೆಗೆಟಿವ್ ಫಿಲ್ಮ್‌ನಲ್ಲಿ ಇವೆರಡರಲ್ಲಿ ಸೇರಿಸುವುದೇ ಹೆಚ್ಚು ಮುಖ್ಯ. ಬೆಳಕು ಎರಡು ಸ್ಟಾಪ್ ಜಾಸ್ತಿ ಬಿದ್ದರೂ ನೆಗೆಟಿವ್ ತಡೆದುಕೊಳ್ಳುತ್ತದೆ. ಎರಡು ಸ್ಟಾಪ್ ಕಡಿಮೆ ಬಿದ್ದರೆ ನೆರಳಿನ ಭಾಗದಲ್ಲಿ ಏನೂ ದಾಖಲಾಗಿರುವುದಿಲ್ಲ, ಯಾವ ಲ್ಯಾಬೂ ಅದನ್ನು ಹುಟ್ಟಿಸಲಾರದು. ಅನುಮಾನ ಬಂದಾಗಲೆಲ್ಲ ಬೆಳಕು ಜಾಸ್ತಿ ಕೊಡಿ.

ಹೆಜ್ಜೆ 6: ಮೊದಲ ರೋಲನ್ನು ಪಾಠಕ್ಕೆ ಮೀಸಲಿಡಿ

ಒಂದು ಪುಟ್ಟ ನೋಟ್‌ಬುಕ್ ಬೇಕು. ಪ್ರತಿ ಫ್ರೇಮಿಗೆ ಒಂದು ಸಾಲು: ಫ್ರೇಮ್ ಸಂಖ್ಯೆ, ಬೆಳಕು ಹೇಗಿತ್ತು, ನಿಮ್ಮ ಅಂದಾಜು, ಮೀಟರ್ ಹೇಳಿದ್ದು, ಕೊನೆಗೆ ಇಟ್ಟಿದ್ದು. ಬರೆಯದಿದ್ದರೆ ನೆಗೆಟಿವ್ ಬಂದಾಗ ಏನೂ ನೆನಪಿರುವುದಿಲ್ಲ, ರೋಲ್ ವ್ಯರ್ಥ.

ಮೊದಲ ಏಳು ಫ್ರೇಮ್ ಒಂದೇ ದೃಶ್ಯಕ್ಕೆ. ಮನೆಯ ನೆರಳಿನ ಕಡೆ ಯಾರನ್ನಾದರೂ ಕೂರಿಸಿ. 200ರ ಫಿಲ್ಮ್‌ಗೆ ಅಲ್ಲಿ ಹೆಚ್ಚುಕಡಿಮೆ 1/125, ಎಫ್/5.6 ಬರುತ್ತದೆ. ಶಟರ್ 1/125ರಲ್ಲೇ ಇರಲಿ. ಮೊದಲು ಎಫ್/5.6, ಆಮೇಲೆ 4, 2.8, 2, ಆಮೇಲೆ 8, 11, 16. ಸರಿಯಾದದ್ದು ಒಂದು, ಮೂರು ಸ್ಟಾಪ್‌ವರೆಗೆ ಜಾಸ್ತಿ ಮೂರು, ಮೂರು ಸ್ಟಾಪ್‌ವರೆಗೆ ಕಡಿಮೆ ಮೂರು. ಏಳು ಫ್ರೇಮ್ ದಂಡ ಅನ್ನಿಸಬಹುದು. ಈ ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ.

ಆಮೇಲೆ ಬಿಳಿ ಗೋಡೆ ಅಥವಾ ಒಣಹಾಕಿದ ಬಿಳಿ ಪಂಚೆ: ಮೀಟರ್ ಹೇಳಿದಂತೆ ಒಂದು ಫ್ರೇಮ್, ಎರಡು ಸ್ಟಾಪ್ ಸೇರಿಸಿ ಇನ್ನೊಂದು. ಕಪ್ಪು ಕೊಡೆ ಅಥವಾ ರುಬ್ಬುವ ಕಲ್ಲು: ಮೀಟರ್ ಹೇಳಿದಂತೆ ಒಂದು, ಎರಡು ಸ್ಟಾಪ್ ಕಳೆದು ಇನ್ನೊಂದು. ರಸ್ತೆ ಬದಿ ಕ್ಷೇಮವಾಗಿ ನಿಂತು ಹೋಗುವ ಬಸ್ಸನ್ನು 1/30, 1/125, 1/500ರಲ್ಲಿ ತೆಗೆಯಿರಿ, ಅಪರ್ಚರ್ ಅದಕ್ಕೆ ತಕ್ಕಂತೆ ಬದಲಿಸಿ. ಇದನ್ನು ಮೋಡದ ದಿನ ಮಾಡಿ, ಚೂಪು ಬಿಸಿಲಿನಲ್ಲಿ 1/30ಕ್ಕೆ ಲೆನ್ಸ್ ಅಷ್ಟು ಚಿಕ್ಕದಾಗಿ ಮುಚ್ಚುವುದಿಲ್ಲ. ಕೆಲವು ಫ್ರೇಮ್ ಮೀಟರ್ ನೋಡದೆ ಬರೀ ಅಂದಾಜಿನಲ್ಲಿ. ಉಳಿದದ್ದು ನಿಮ್ಮ ಇಷ್ಟ.

ರೋಲ್ ಮುಗಿದಾಗ ಲಿವರ್ ಬಿಗಿಯಾಗುತ್ತದೆ, ಬಲವಂತ ಮಾಡಬೇಡಿ. ಕ್ಯಾಮೆರಾ ತಳದ ಪುಟ್ಟ ಬಟನ್ ಒತ್ತಿ, ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿಗೆ ತಿರುಗಿಸಿ. ಬಿಗಿ ಹೋಗಿ ಸಲೀಸಾಗಿ ತಿರುಗಿದ ಮೇಲಷ್ಟೇ ಬಾಗಿಲು ತೆಗೆಯಿರಿ.

ಹೆಜ್ಜೆ 7: ಸ್ಕ್ಯಾನ್ ಬಿಡಿ, ನೆಗೆಟಿವ್ ನೋಡಿ

ಲ್ಯಾಬಿನವರಿಗೆ ಮೊದಲೇ ಹೇಳಿ, ನೆಗೆಟಿವ್ ವಾಪಸ್ ಬೇಕು ಅಂತ. ಸ್ಕ್ಯಾನರ್ ಪ್ರತಿ ಫ್ರೇಮನ್ನೂ ತನಗೆ ತಿಳಿದಂತೆ ತಿದ್ದಿ ಕಳಿಸುತ್ತದೆ. ಸ್ಕ್ಯಾನ್‌ನಲ್ಲಿ ನಿಮ್ಮ ಏಳು ಫ್ರೇಮುಗಳಲ್ಲಿ ನಾಲ್ಕೈದು ಒಂದೇ ಥರ ಕಾಣಬಹುದು. ನೆಗೆಟಿವ್‌ನಲ್ಲಿ ವ್ಯತ್ಯಾಸ ಬಚ್ಚಿಡಲು ಆಗುವುದಿಲ್ಲ.

ಬಿಳಿ ಹಾಳೆ ತೋರಿಸಿದ ಫೋನ್ ಸ್ಕ್ರೀನ್‌ಗಿಂತ ಸ್ವಲ್ಪ ಮೇಲೆ ಅಥವಾ ಕಿಟಕಿ ಬೆಳಕಿಗೆ ನೆಗೆಟಿವ್ ಹಿಡಿಯಿರಿ. ಇಲ್ಲಿ ಎಲ್ಲ ಉಲ್ಟಾ: ದೃಶ್ಯದ ನೆರಳು ಇಲ್ಲಿ ತಿಳಿ, ದೃಶ್ಯದ ಬೆಳಕು ಇಲ್ಲಿ ಗಾಢ. ಮೊದಲು ನೆರಳಿನ ಭಾಗ ನೋಡಿ, ಅಂದರೆ ನೆಗೆಟಿವ್‌ನ ತೆಳುವಾದ ಭಾಗ. ಕೂದಲಿನ ಎಳೆ, ಸೀರೆಯ ಮಡಿಕೆ ಅಲ್ಲಿ ಕಂಡರೆ ಎಕ್ಸ್‌ಪೋಷರ್ ಸಾಕಾಗಿದೆ. ಖಾಲಿ ಅಂಚಿನಷ್ಟೇ ಬರಿದಾಗಿದ್ದರೆ ಬೆಳಕು ಸಾಲಲಿಲ್ಲ. ಬೆಳಕಿನ ಭಾಗ ದಟ್ಟ ಗೋಡೆಯಂತೆ ಒಂದೇ ಸಮ ಕಪ್ಪಾಗಿ, ವಿವರ ಮುಳುಗಿದ್ದರೆ ಬೆಳಕು ಅತಿಯಾಯಿತು.

ಇಡೀ ರೋಲ್ ತೆಳುವಾಗಿದ್ದರೆ ತಪ್ಪು ಯಾರದು? ಫಿಲ್ಮ್ ಅಂಚಿನಲ್ಲಿ ಮೂಡಿರುವ ಹೆಸರು, ಫ್ರೇಮ್ ಸಂಖ್ಯೆ ನೋಡಿ. ಅದನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ, ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ. ಆ ಅಕ್ಷರಗಳು ಗಾಢವಾಗಿದ್ದು ಫೋಟೋ ಮಾತ್ರ ತೆಳುವಿದ್ದರೆ ಕ್ಯಾಮೆರಾ ಅಥವಾ ನಿಮ್ಮ ಲೆಕ್ಕ ತಪ್ಪಿದೆ. ಅಕ್ಷರಗಳೇ ಮಂಕಾಗಿದ್ದರೆ ಡೆವಲಪ್ ಮಾಡಿದ್ದರಲ್ಲಿ ತೊಂದರೆ ಇರಬೇಕು.

ಈಗ ನೋಟ್‌ಬುಕ್ ಪಕ್ಕಕ್ಕಿಟ್ಟು ಆ ಏಳು ಫ್ರೇಮ್ ಹೋಲಿಸಿ. ನೆರಳಿನಲ್ಲಿ ವಿವರ ಯಾವ ಫ್ರೇಮಿನಿಂದ ಶುರುವಾಗಿದೆ? ಮೀಟರ್ ಹೇಳಿದ ಎಫ್/5.6ರಲ್ಲೇ ಚೆನ್ನಾಗಿದ್ದರೆ ನಿಮ್ಮ ಕ್ಯಾಮೆರಾದ ಮೀಟರನ್ನು ನಂಬಬಹುದು. ಎಫ್/4ರಲ್ಲಿ ಚೆನ್ನಾಗಿದೆ ಅನ್ನಿಸಿದರೆ ಮುಂದಿನ ಸಲ ಅದೇ 200ರ ಫಿಲ್ಮ್‌ಗೆ ಎಎಸ್‌ಎ ಡೈಯಲನ್ನು 100ಕ್ಕೆ ಇಡಿ. ಮೀಟರ್ ತಾನಾಗಿ ಒಂದು ಸ್ಟಾಪ್ ಜಾಸ್ತಿ ಬೆಳಕು ಕೇಳುತ್ತದೆ. ನೆಗೆಟಿವ್ ಫಿಲ್ಮ್ ಬಳಸುವ ಬಹಳ ಜನ ಹೀಗೇ ಮಾಡುತ್ತಾರೆ. ಇದನ್ನು ಲ್ಯಾಬಿಗೆ ಹೇಳಬೇಕಿಲ್ಲ, 200ರ ಫಿಲ್ಮ್ ಅಂತಲೇ ಮಾಮೂಲಿನಂತೆ ಡೆವಲಪ್ ಮಾಡಿಸಿ.